ಕಾಡುತೊಗರಿಯ ಜೊಳ್ಳು

ಬಸವಕಲ್ಯಾಣದ ಮನೆಯಲ್ಲಿ ತೊಗರಿ ಕೇರುತ್ತಿದ್ದ ಸೂಗಮ್ಮ ಮೊರದ ತುದಿಗೆ ಬಂದ ಜೊಳ್ಳು ಕಂಡು ತಲೆ ತಗ್ಗಿಸಿದಳು.

ಎರಡು ವರ್ಷದ ಹಿಂದೆ ಹುಮನಾಬಾದಿನ ಹೊಲದಲ್ಲಿ, ಮಿಶ್ರತಳಿ ಬೆಳೆಸಹೊರಟಿದ್ದ ಸಂಶೋಧಕಿ ರೂಪಾಲಿಗಾಗಿ ಅವಳು ಕಾಡುತೊಗರಿಯ ಪರಾಗವನ್ನು ಊರತೊಗರಿಯ ಹೂವಿಗೆ ಮುಟ್ಟಿಸಿದ್ದಳು. ಕಾಳೆಲ್ಲ ಜೊಳ್ಳಾದವು. ತನ್ನ ಕೈಗುಣವೇ ಕೆಟ್ಟದ್ದೆಂದು ನಾಚಿ, ರೂಪಾಲಿಗೆ ಕೊಡಬೇಕಿದ್ದ ಪೊಟ್ಟಣಕ್ಕೆ ಮನೆಯ ಗಟ್ಟಿ ಕಾಳು ತುಂಬಿ ಕೊಟ್ಟಳು. ಆಮೇಲೆ ತಪ್ಪೊಪ್ಪಿ ಬರೆದ ಪತ್ರ ಟ್ರಂಕಿನಲ್ಲೇ ಉಳಿಯಿತು.

ಇವತ್ತು ಕಾಲೇಜು ಓದುವ ಮೊಮ್ಮಗಳು ಸಾಕ್ಷಿಗೆ ಎಲ್ಲ ಹೇಳಿಬಿಟ್ಟಳು.

"ನಿನ್ನ ಕೈಯಿದೇನ್ ತಪ್ಪು, ಆಯಿ? ತಂದಿ-ತಾಯಿ ಗಿಡ ತಮ್ಮ ಜೀನ್, ಅಂದ್ರ ವಂಶದ ಗುಣದ ಮ್ಯಾಲ ಇಡೋ ಗುರುತು ಒಂದಕ್ಕೊಂದು ಹೊಂದಲಿಲ್ಲಂದ್ರ, ಕಾಳೊಳಗಿನ ಎಳಿ ಮೊಳಕಿಗೆ ಊಟಾನೇ ಸಿಗಂಗಿಲ್ಲ, ಜೊಳ್ಳಾಗ್ತದ."

"ಹಂಗಾರ ಆ ಜೊಳ್ಳೇ ಖರೇ ಉತ್ತರ ಇತ್ತೇನ?"

"ಮತ್ತ! ಮೇಡಂ ಪಾಪ, ಮಿಶ್ರತಳಿ ಅಂತ ನಿನ್ನ ಸಾರಿನ ತೊಗರಿ ಬೆಳೆಸಿ ನೋಡಾಕತ್ತಿರಬೇಕು."

ಸೂಗಮ್ಮ ಮೊರ ಕೆಳಗಿಟ್ಟಳು. ಎದ್ದು, ಟ್ರಂಕಿನಿಂದ ಪತ್ರ ತೆಗೆದು, ರೂಪಾಲಿಯ ವಿಳಾಸ ಬರೆದು, ಅಂಚೆಕಚೇರಿಗೆ ನಡೆದು ಡಬ್ಬಿಗೆ ಹಾಕಿದಳು.