ಕೇಳದೆ ತುಂಬಿದ ಫಾರಂಗಳು

ಅತ್ತಿಗೆಗೂ ಮೈದುನನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಜನ ತಮ್ಮ ಉಳಿತಾಯವನ್ನು ಎಲ್ಲಿ ಹಾಕಬೇಕೆಂದು ಸಲಹೆ ಕೊಡುವ ಆ ಮನೆತನದ ಕಚೇರಿಯಲ್ಲಿ ಅವಳು ಹದಿನಾಲ್ಕು ವರ್ಷ ದುಡಿದಿದ್ದಳು. ಗಂಡನಿಗೆ ಲೆಕ್ಕವೆಂದರೆ ಜ್ವರ, ಅವನು ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ನನ್ನ ನಂತರ ಈ ಕುರ್ಚಿ ನಿನ್ನದೇ ಎಂದು ಮಾವ ಎಷ್ಟೋ ಸಲ ಹೇಳಿದ್ದರು. ಈಗ ಚಿಕ್ಕ ಮಗ ಸಲಹೆ ಕೊಡುವ ಯಂತ್ರವೊಂದನ್ನು ತಂದಿದ್ದ, ಅಪ್ಪನ ಮಾತು ಮೆಲ್ಲಗೆ ಅತ್ತ ವಾಲಿತ್ತು. ಮುಂದಿನ ಯಜಮಾನ ಯಾರೆಂಬುದು ಆ ಬೆಳಗ್ಗೆ ತೀರ್ಮಾನವಾಗಬೇಕಿತ್ತು.

ಮೈದುನ ಯಂತ್ರಕ್ಕೆ ಗ್ರಾಹಕರ ನಾನೂರು ಫಾರಂ ಓದಿಸಿದ್ದ. ನಿಮ್ಮ ಹಣ ಕಾಲು ಭಾಗ ಕರಗಿದರೆ ಏನು ಮಾಡುವಿರಿ ಎಂಬುದೇ ಅದರಲ್ಲಿನ ಮುಖ್ಯ ಪ್ರಶ್ನೆ. ಕೆಳಗೆ ನಾಲ್ಕು ಚೌಕ. ಮೂರನೆಯದು, 'ತಾಳ್ಮೆಯಿಂದ ಕಾಯುತ್ತೇನೆ.'

"ಮುನ್ನೂರ ಮೂವತ್ತೊಂಬತ್ತು ಜನ ಕಾಯ್ತಾರಂತೆ," ಎಂದ ಮೈದುನ. "ಎಲ್ಲರಿಗೂ ಒಂದೇ ಸಲಹೆ ಸಾಕು, ಇಷ್ಟೊಂದು ಸಲಹೆಗಾರರು ಯಾಕೆ? ಇನ್ನು ಅರವತ್ತೊಂದು ಫಾರಂ ತಪ್ಪು ಅಂತಿದೆ. ಎಲ್ಲಾ ಅತ್ತಿಗೆಯವೇ!"

ಅವಳ ಮೈ ಉರಿಯಿತು. ಅವಳ ಫಾರಂ ಒಂದರ ಅಂಚಿನಲ್ಲಿ ದರ್ಜಿಯೊಬ್ಬಳು 'ಮಗಳನ್ನು ಕೇಳಿ ಹೇಳುತ್ತೇನೆ' ಎಂದು ಬರೆದಿದ್ದಳು. ನಿವೃತ್ತ ಬಸ್ ಚಾಲಕನೊಬ್ಬ ಎರಡು ಚೌಕಕ್ಕೆ ಗುರುತು ಹಾಕಿ, ಒಂದನ್ನು ಹೊಡೆದು, ಮತ್ತೆ ಹಾಕಿದ್ದ. ಒಬ್ಬೊಬ್ಬರ ಎದುರು ಗಂಟೆಗಟ್ಟಲೆ ಕೂತು ಅವಳು ಕೇಳಿದ್ದಳು.

"ನನ್ನವರನ್ನ ನಾನು ಕೇಳಿದೀನಪ್ಪ. ಮಿಕ್ಕವರನ್ನ ಯಾರು ಕೇಳಿದ್ರು? ಖಾಲಿ ಫಾರಂಗೆ ಸಹಿ ಹಾಕಿಸ್ಕೊಂಡು, ಆಮೇಲೆ ಇಲ್ಲೇ ಕೂತು ಮೂರನೇದಕ್ಕೆ ಗುರುತು ಹಾಕಿದ್ದು ಯಾರು?"

ಯಾರೆಂದು ಅವಳು ಹೆಸರೆತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಮಾವನೇ ಗದರಿದರು. "ಮೂವತ್ತು ವರ್ಷದಿಂದ ಎಲ್ಲರೂ ಹಾಗೇ ಮಾಡೋದು. ಯಾರಿಗಿದೆ ಪುರುಸೊತ್ತು?"

"ಹಾಗಾದ್ರೆ ಯಂತ್ರ ಓದಿರೋದು ಗ್ರಾಹಕರನ್ನಲ್ಲ ಮಾವ, ನಿಮ್ಮ ಸೋಮಾರಿತನಾನ."

"ಕೈಲಾಗದವರು ಮೈ ಪರಚಿಕೊಂಡ್ರಂತೆ," ಎಂದು ಮೈದುನ ನಕ್ಕ. "ಹೊಟ್ಟೆ ಉರೀತಿದ್ರೆ ನೇರವಾಗಿ ಹೇಳಿ ಅತ್ತಿಗೆ."

"ಉರೀತಿದೆ, ಯಾಕೆ ಸುಳ್ಳು ಹೇಳ್ಲಿ? ಆದ್ರೆ ಷೇರು ಮಾರುಕಟ್ಟೆ ಬಿದ್ದ ದಿನ ಬಾಗಿಲಿಗೆ ಬಂದು ಅಳೋರಿಗೆ ಏನು ಹೇಳ್ತೀಯ? ಕಾಯ್ತೀನಿ ಅಂದಿದ್ರಲ್ಲ ಅಂತೀಯಾ?"

ಮೈದುನ ಗತ್ತಿನಿಂದ ಯಂತ್ರವನ್ನು ತನ್ನತ್ತ ಎಳೆದುಕೊಂಡ. ಎಷ್ಟು ಸುಲಭ ನೋಡಿ ಎಂದು, ಅಪ್ಪನ ನಿವೃತ್ತಿಯ ಹಣಕ್ಕೂ ಅಲ್ಲೇ ಒಂದು ಫಾರಂ ತೆರೆದ. ಹೆಸರು ಹಾಕಿದ, ವಯಸ್ಸು ಹಾಕಿದ, ಮೂರನೆಯ ಚೌಕ ಒತ್ತಿದ. ಪಕ್ಕದಲ್ಲೇ ಕೂತಿದ್ದ ಅಪ್ಪನ ಕಡೆ ತಿರುಗಿ ಕೂಡ ನೋಡಲಿಲ್ಲ.

"ನನ್ನ ಕೇಳೋದು ಬೇಡ್ವೇನೋ?"

"ಏನು ಕೇಳೋದಪ್ಪ? ಎಲ್ಲರದೂ ಅದೇ."

ಮಾವ ಮಗ ಒತ್ತಿದ ಆ ಮೂರನೆಯ ಚೌಕವನ್ನೇ ಒಂದು ಸಲ ನೋಡಿದರು. ಆಮೇಲೆ ಪೆನ್ನು ತೆಗೆದು, ಕುರ್ಚಿಯನ್ನು ಚಿಕ್ಕ ಮಗನಿಗೆ ಬರೆದುಕೊಟ್ಟರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಹದಿನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಮಧ್ಯಾಹ್ನ ಅವಳ ಕೋಣೆಯ ಬಾಗಿಲು ಮೆಲ್ಲಗೆ ತೆರೆಯಿತು. ಮಾವ ಒಳಗೆ ಬಂದು, ಬಾಗಿಲು ಹಾಕಿ, ಗ್ರಾಹಕರು ಕೂರುವ ಕುರ್ಚಿಯಲ್ಲಿ ಕೂತರು. ಕೈಯಲ್ಲಿ ಖಾಲಿ ಫಾರಂ ಇತ್ತು.

"ನನ್ನದನ್ನ ಮಾತ್ರ ನೀನೇ ನೋಡ್ಕೋಮ್ಮ. ಅವನಿಗೆ ಗೊತ್ತಾಗೋದು ಬೇಡ."

"ಭಯ ಆಯ್ತಾ ಮಾವ?"

"ಆಯ್ತು."

ಅವಳಿಗೆ ಒಂದು ಕ್ಷಣ ಅಯ್ಯೋ ಎನಿಸಿತು. ಮರುಕ್ಷಣವೇ ದರ್ಜಿಯಂಥವರೇ, ಚಾಲಕನಂಥವರೇ ಆದರೂ ಯಾರೂ ಏನೂ ಕೇಳದ ಆ ಉಳಿದ ಜನರೆಲ್ಲ ನೆನಪಾಗಿ ಸಿಟ್ಟು ನೆತ್ತಿಗೇರಿತು. ಅವಳು ಫಾರಂ ಮುಟ್ಟಲಿಲ್ಲ.

"ಆ ಮುನ್ನೂರ ಮೂವತ್ತೊಂಬತ್ತು ಜನಾನೂ ಕರ್ಕೊಂಡು ಬನ್ನಿ. ಒಬ್ಬೊಬ್ಬರನ್ನೂ ಕೇಳ್ತೀನಿ. ಎಲ್ಲರದೂ ಮುಗಿದ ಮೇಲೆ ನಿಮ್ಮದು."

ಮಾವ ಕೂತೇ ಇದ್ದರು. ಅವಳೇ ಎದ್ದು ಹೋಗಿ ಬಾಗಿಲು ತೆರೆದು ಹಿಡಿದಳು.