ನಾಲ್ಕನೇ ಚಾನಲ್ ಕದ್ದವರು ಯಾರು?

ನಿಡಗುಂದಿ ಹತ್ತಿರದ ಹಳ್ಳಿಯ ರೈತ ಖಂಡೆಪ್ಪನಿಗೆ ಸಂಜೆ ದೂರದರ್ಶನದ ಕೃಷಿ ಕಾರ್ಯಕ್ರಮ ನೋಡದಿದ್ದರೆ ಊಟ ರುಚಿಸುತ್ತಿರಲಿಲ್ಲ. ಒಂದು ದಿನ ಎಂದಿನಂತೆ ರಿಮೋಟಿನಲ್ಲಿ ನಾಲ್ಕನೇ ನಂಬರ್ ಒತ್ತಿದ. ದೂರದರ್ಶನವೇ ಇಲ್ಲ! ಅದರ ಜಾಗದಲ್ಲಿ ಯಾರೋ ಒಬ್ಬಳು ಹಿಂದಿಯಲ್ಲಿ ಕುಕ್ಕರ್ ಮಾರುತ್ತಿದ್ದಳು.

ಖಂಡೆಪ್ಪನಿಗೆ ಥಟ್ಟನೆ ಪಕ್ಕದ ಮನೆಯ ಶಹಾಬುದ್ದೀನನ ಮೇಲೆ ಅನುಮಾನ ಬಂತು. ಖಂಡೆಪ್ಪ ಕೆನಾಲಿನ ನೀರು ಉಂಡ ರೈತನಲ್ಲವೇ? ಮೇಲಿನವರು ಒಡ್ಡು ಹಾಕಿದರೆ ಕೆಳಗಿನವರಿಗೆ ನೀರಿಲ್ಲ. ಕೇಬಲ್ ವೈರೂ ಶಹಾಬುದ್ದೀನನ ಮಾಳಿಗೆ ಮೇಲಿಂದಲೇ ಇವರ ಮನೆಗೆ ಬರುತ್ತಿತ್ತು. ಅಂದ ಮೇಲೆ ನಾಲ್ಕನೇದನ್ನು ಅಲ್ಲೇ ತಡೆದಿಟ್ಟುಕೊಂಡಿದ್ದಾನೆ, ಇನ್ನೇನು!

"ಅವರ ಮನಿಗೆ ಹೋಗಿ ಕೇಳಬಾರದೇನ್ರಿ?" ಎಂದಳು ಹೆಂಡತಿ ಶಂಕ್ರೆವ್ವ.

"ಕಳ್ಳನ್ನ ಕೇಳಿದ್ರ ಹೌದಂತಾನೇನು?"

ಕೇಳಲಿಲ್ಲ. ಅದರ ಬದಲು ಮಾಡಬಾರದ್ದನ್ನು ಮಾಡಿದ. ಕೆನಾಲಿನ ಗುಂಟ ಖಂಡೆಪ್ಪನ ಹೊಲ ಮೇಲೆ, ಶಹಾಬುದ್ದೀನನ ಉಳ್ಳಾಗಡ್ಡಿ ಹೊಲ ಕೆಳಗೆ. ಕಾಲುವೆಗೆ ಮಣ್ಣು ಹಾಕಿ, ಶಹಾಬುದ್ದೀನನ ಪಾಳಿಯ ನೀರನ್ನೂ ತನ್ನ ಹೊಲಕ್ಕೇ ತಿರುಗಿಸಿಕೊಂಡ.

"ನೀರ ಯಾಕ ಬರವಲ್ದೋ ಖಂಡೆಪ್ಪ?" ಎಂದು ಶಹಾಬುದ್ದೀನ ಕೇಳಿದಾಗ, "ಮ್ಯಾಲಿಂದನ ಕಮ್ಮಿ ಐತಿ" ಎಂದುಬಿಟ್ಟ. ಪಾಪ, ಅವನು ನಂಬಿದ. ಬಿಸಿಲಿಗೆ ಉಳ್ಳಾಗಡ್ಡಿ ಎಲೆ ಒಣಗತೊಡಗಿತು.

ಅಷ್ಟರಲ್ಲಿ ಸೊಸೆ ಸುನಂದಾ ಮುದ್ದೇಬಿಹಾಳದ ತವರಿನಿಂದ ಬಂದಳು. ಮಾವನ ದೂರು ಕೇಳಿ, "ಉಳದ ಚಾನಲ್ ಚೊಲೋ ಕಾಣತಾವೇನ್ರಿ ಮಾವಾರ?" ಎಂದಳು.

"ಕಾಣತಾವ. ಅದಕ್ಕ ಅಂತೇನಿ, ಬೇಕಾದ್ದೊಂದ ಆರಿಸಿ ಹೊಡಕೊಂಡಾನ."

"ಕೇಬಲ್ ವೈರಿಗೆ ಯಾರರ ಕೈ ಹಚ್ಚಿದ್ರ ಎಲ್ಲಾ ಚಾನಲ್ಲೂ ಮಸಕ ಆಗತಾವ್ರಿ. ಒಂದ ಅಷ್ಟ ತಡಿಯಾಕ ಇದೇನು ಕೆನಾಲ? ನಮ್ಮ ತವರಮನ್ಯಾಗೂ ಹಿಂಗ ಆಗಿತ್ತು. ಯಾವ ಚಾನಲ್ ಎಲ್ಲಿ ಕುಂಡ್ರಬೇಕು ಅನ್ನೂದು ಕೇಬಲ್‌ನವರ ಕೈಯಾಗ ಇರತೈತಿ. ರೊಕ್ಕ ಕೊಟ್ಟ ಕಂಪನಿ ಚಾನಲ್ ಮುಂದ ಕುಂಡ್ರಸ್ತಾರ, ಉಳದದ್ದು ಹಿಂದ ತಳ್ಳತಾರ. ಆ ಹೊಸಾ ಜಾಗಾ ನಮ್ಮ ಟಿ.ವಿ.ಗೆ ಗೊತ್ತಿರಂಗಿಲ್ಲ. ನಾವ ಹುಡುಕಸಬೇಕು."

ಸುನಂದಾ ರಿಮೋಟಿನಲ್ಲಿ ಮೆನು ತೆರೆದು, ಟಿ.ವಿ. ತಾನೇ ಚಾನಲ್ ಹುಡುಕುವ ಆಟೋ ಟ್ಯೂನಿಂಗ್ ಒತ್ತಿದಳು. ಪರದೆಯ ಮೇಲೆ ನಂಬರುಗಳು ಓಡತೊಡಗಿದವು.

"ಇದ್ದದ್ದೂ ಹೋಗೂ ಹಂಗ ಮಾಡಬ್ಯಾಡವಾ!" ಎಂದು ಖಂಡೆಪ್ಪ ಗಾಬರಿಯಾದ.

ಹೋಗಲಿಲ್ಲ. ನಲವತ್ತರ ಆಸುಪಾಸಿನಲ್ಲಿ ದೂರದರ್ಶನ ಬಂದು ನಿಂತಿತು. ಆದರೂ ಖಂಡೆಪ್ಪನಿಗೆ ನಂಬಿಕೆ ಇಲ್ಲ. ಕೇಬಲ್ ನಡೆಸುವ ಬಾಬುಲಾಲನಿಗೆ ಫೋನ್ ಹಚ್ಚಿ ಗದರಿಸಿದ.

"ಹೌದ್ರಿ ಕಾಕಾ, ಜಾಗಾ ಬದಲಿ ಮಾಡೇನಿ. ಹೇಳೂದ ಮರತೆ," ಎಂದ ಬಾಬುಲಾಲ.

ಸುನಂದಾ ಫೋನ್ ಇಸಿದುಕೊಂಡಳು. "ಅಣ್ಣಾರ, ದೂರದರ್ಶನಾನ ಹಿಂದ ತಳ್ಳಾಕ ಬರಂಗಿಲ್ರಿ. ಮುಂದಿನ ಜಾಗದಾಗ ಇಡಬೇಕಂತ ಕಾಯ್ದೆ ಐತಿ. ಮೊದಲಿನ ಜಾಗಕ್ಕ ತರ್ರಿ."

ಖಂಡೆಪ್ಪ ಅದನ್ನು ಕೇಳಲು ನಿಲ್ಲಲಿಲ್ಲ. ಸಲಿಕೆ ಹಿಡಿದು ಹೊಲಕ್ಕೆ ಓಡಿ, ತಾನು ಹಾಕಿದ ಮಣ್ಣನ್ನು ತಾನೇ ಬಗೆದ. ನೀರು ಬಂದದ್ದು ಕಂಡು ಶಹಾಬುದ್ದೀನ ಮೇಲಕ್ಕೆ ಬಂದ.

"ನನ್ನ ಚಾನಲ್ ನೀ ತಡದೀ ಅಂತ ತಿಳದು, ನಾ ನಿನ್ನ ನೀರ ತಡದೆ. ತಪ್ಪಾತೋ," ಎಂದ ಖಂಡೆಪ್ಪ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಶಹಾಬುದ್ದೀನ ಬಗೆದ ಮಣ್ಣಿನ ಕಡೆ ನೋಡಿ ಹೇಳಿದ: "ನಮ್ಮ ಟಿ.ವಿ. ರಂಜಾನ್‌ಕಿಂತ ಮೊದಲ ಸುಟ್ಟು ಹೋಗೈತಲ್ಲೋ, ನಿನ್ನ ಚಾನಲ್ ತಗೊಂಡ ಏನ ಮಾಡ್ಲಿ? ಒಂದ ಮಾತು ಕೇಳಿದ್ದರ ಹೇಳತಿದ್ದೆ."

ಅರ್ಧ ಬೆಳೆ ಉಳಿಯಿತು. ಇನ್ನರ್ಧ ಉಳಿಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಚಾನಲ್ ಕಾಣದಾದರೆ ಮೊದಲು ಟ್ಯೂನ್ ಮಾಡಿ ಹುಡುಕಿ. ಸಿಗದಿದ್ದರೆ ಕೇಬಲ್‌ನವರನ್ನು ಕೇಳಿ. ಯಾವುದು ಎಲ್ಲಿಗೆ ಹೋಯಿತೆಂದು ತಿಳಿಯುವುದು ನಿಮ್ಮ ಹಕ್ಕು. ನೆರೆಯವರ ಮೇಲೆ ಅನುಮಾನ ಬಂದರೆ ಅವರ ಬಾಗಿಲಿಗೇ ಹೋಗಿ ಕೇಳಿ. ಆವತ್ತೇ ಕೇಳಿ.