ರಿಮ್ಶಾಳ ನಲವತ್ತೆರಡು ಡಿಗ್ರಿ

ಫಹ್ಮಿದಾಳಿಗೆ ಓರಗಿತ್ತಿಯ ಒಡವೆಯ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ಓರಗಿತ್ತಿ ರಿಮ್ಶಾ ಕಾಕ್ಸ್ ಟೌನಿನ ಹೊಸ ಫ್ಲ್ಯಾಟಿಗೆ ಹೋದಾಗಲೂ ನಾಲ್ಕು ದಿನ ಮುಖ ಊದಿಸಿಕೊಂಡಿದ್ದು ಸುಮ್ಮನಾಗಿದ್ದಳು. ಆದರೆ ರಿಮ್ಶಾಳ ಕಂಪ್ಯೂಟರಿನಲ್ಲಿ ಒಂದು ಅಂಕಿ ಇತ್ತು, ನಲವತ್ತೆರಡು. ಅದನ್ನು ಮಾತ್ರ ಅವಳಿಂದ ಸಹಿಸಲಿಕ್ಕಾಗಲಿಲ್ಲ.

ಇಬ್ಬರೂ ಮನೆಯಲ್ಲೇ ಕೂತು ಮದುವೆ ವಿಡಿಯೋ ಎಡಿಟ್ ಮಾಡುವವರು. ದೊಡ್ಡ ಸೊಸೆ ಫಹ್ಮಿದಾ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಚಿಕ್ಕ ಸೊಸೆ ರಿಮ್ಶಾ ಕಾಕ್ಸ್ ಟೌನಿನಲ್ಲಿ. ರಿಮ್ಶಾಳ ಕಂಪ್ಯೂಟರ್ ಡಬ್ಬಕ್ಕೆ ಒಂದು ಮಗ್ಗುಲು ಗಾಜು. ಒಳಗೆ, ಪ್ರೊಸೆಸರಿನ ಮೇಲೆ ಕೂತ ಫ್ಯಾನಿಗೆ ಒಂದು ಪುಟ್ಟ ಪರದೆ. ಪ್ರೊಸೆಸರ್ ಎಷ್ಟು ಕಾದಿದೆ ಅನ್ನುವುದು ಅದರಲ್ಲಿ ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಫಹ್ಮಿದಾ ಹೋದಾಗಲೆಲ್ಲ ನಲವತ್ತೆರಡು, ತಪ್ಪಿದರೆ ನಲವತ್ತು. ಫಹ್ಮಿದಾಳದು ಹಳೇ ತಗಡಿನ ಡಬ್ಬ. ಸ್ಕ್ರೀನಿನ ಮೂಲೆಯಲ್ಲಿ ಅಂಕಿ ಕಾಣುವ ಹಾಗೆ ಏನೋ ಒಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದಳು. ಅಲ್ಲಿ ಯಾವಾಗಲೂ ಎಂಬತ್ತೈದು, ಎಂಬತ್ತಾರು.

ಇದಿಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಅತ್ತೆ ಬದ್ರುನ್ನೀಸಾ ಬಿಡಬೇಕಲ್ಲ. ಆಕೆ ತಸ್ಬೀ ಮಣಿ ಎಣಿಸುತ್ತ ಕೂರುವುದು ಕಂಪ್ಯೂಟರಿದ್ದ ಕೋಣೆಯಲ್ಲೇ. ಡಬ್ಬದ ಹಿಂದಿನಿಂದ ಬಿಸಿಗಾಳಿ ಬಂದಾಗಲೆಲ್ಲ ಸೆರಗಿನಿಂದ ಗಾಳಿ ಹಾಕಿಕೊಳ್ಳುವರು.

"ಇದೊಂದು ತಂದೂರ್ ಇಟ್ಕೊಂಡಿದೀಯ ನೋಡು. ರಿಮ್ಶಾದು ನೋಡಿದೀಯಾ, ಎಷ್ಟು ತಣ್ಣಗಿದೆ. ಸದ್ದೂ ಇಲ್ಲ. ಯಂತ್ರ ಇಟ್ಕೊಳ್ಳೋದಕ್ಕೂ ಕೈಗುಣ ಬೇಕಮ್ಮ."

ಕೈಗುಣವಂತೆ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಬಿರಿಯಾನಿಗೆ ದಮ್ ಹಾಕುವವಳು ತಾನು, ಅತ್ತೆಯ ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚುವವಳು ತಾನು, ಕೈಗುಣ ಮಾತ್ರ ವಾರಕ್ಕೊಮ್ಮೆ ಬಂದು ಚಾ ಕುಡಿದು ಹೋಗುವವಳದು. ಫಹ್ಮಿದಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಡಬ್ಬಕ್ಕೆ ಟೇಬಲ್ ಫ್ಯಾನ್ ಹಿಡಿದಳು, ಅಂಕಿ ಎರಡು ಡಿಗ್ರಿ ಇಳಿಯಿತು. ಕಿಟಕಿಗೆ ಲಾವಂಚದ ಪರದೆ ಕಟ್ಟಿ ನೀರು ಚಿಮುಕಿಸಿದಳು. ಅತ್ತೆಗೆ ನೆಗಡಿಯಾಯಿತು, ಪ್ರೊಸೆಸರಿಗೆ ಏನೂ ಆಗಲಿಲ್ಲ.

ಕೊನೆಗೆ ಯೂಟ್ಯೂಬಿನಲ್ಲಿ ಒಬ್ಬ ಮಹಾನುಭಾವ ಸಿಕ್ಕಿದ. ಪವರ್ ಸೆಟ್ಟಿಂಗಿಗೆ ಹೋಗಿ, ಪ್ರೊಸೆಸರಿನ ಮಿತಿ ನೂರು ಪರ್ಸೆಂಟ್ ಅಂತ ಇರುವುದನ್ನು ಐವತ್ತು ಮಾಡಿ, ಬಿಸಿ ಮಾಯ ಎಂದ. ಫಹ್ಮಿದಾ ಮಾಡಿದಳು. ನೋಡನೋಡುತ್ತಿದ್ದಂತೆ ಅಂಕಿ ಅರವತ್ತಕ್ಕಿಂತ ಕೆಳಗಿಳಿದು ಐವತ್ತನಾಲ್ಕಕ್ಕೆ ನಿಂತಿತು. ಬೇರೆ ಏನು ಆಯಿತು ಎಂದು ನೋಡುವ ವ್ಯವಧಾನ ಯಾರಿಗಿತ್ತು? ಅತ್ತೆಯ ಕೈ ಹಿಡಿದು ಡಬ್ಬದ ಮೇಲೆ ಇಡಿಸಿದಳು. ಸ್ಕ್ರೀನಿನ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ರಿಮ್ಶಾ ಒಂದು ಹೆಬ್ಬೆಟ್ಟು ಕಳಿಸಿದಳು, ಅಷ್ಟೇ. ಅವಳಿಗೆ ಹೊಟ್ಟೆ ಉರಿದಿರಬೇಕು ಎಂದುಕೊಂಡು ಫಹ್ಮಿದಾ ಆ ದಿನವೆಲ್ಲ ಹಾಡು ಗುನುಗುತ್ತ ಓಡಾಡಿದಳು.

ಅದೇ ವಾರ ಫ್ರೇಜರ್ ಟೌನಿನ ನೂರ್ಜಹಾನ್ ಮಗನ ಮದುವೆ. ನಿಕಾಹ್ ನಡೆದದ್ದು ಮಸೀದಿಯಲ್ಲಿ, ಗಂಡಸರ ನಡುವೆ. ಮಗ ಮೂರು ಸಲ ಕಬೂಲ್ ಅಂದದ್ದನ್ನು ಹೆತ್ತ ತಾಯಿಯೇ ನೋಡಿರಲಿಲ್ಲ. ಭಾನುವಾರ ಸಂಜೆ ವಲೀಮಾ ಊಟದಲ್ಲಿ, ಹೆಂಗಸರ ಕಡೆ ದೊಡ್ಡ ಪರದೆ ಕಟ್ಟಿ ಅದನ್ನು ತೋರಿಸುವುದು ಎಂದಾಗಿತ್ತು. ನೂರ್ಜಹಾನ್ ಫಹ್ಮಿದಾಳ ಗಲ್ಲ ಸವರಿ, "ನೀನು ತೋರಿಸಿದ್ರೇನೇ ನಾನು ನನ್ನ ಮಗನ ನಿಕಾಹ್ ನೋಡೋದು" ಎಂದು ಹೇಳಿ ಹೋಗಿದ್ದರು.

ಭಾನುವಾರ ಬೆಳಿಗ್ಗೆ ಎಡಿಟಿಂಗ್ ಮುಗಿಸಿ, ತುಣುಕುಗಳನ್ನೆಲ್ಲ ಒಂದೇ ವಿಡಿಯೋ ಮಾಡುವ ರೆಂಡರಿಗೆ ಹಾಕಿದಳು. ಮಧ್ಯಾಹ್ನದೊಳಗೆ ಆಗಬೇಕಾದ ಕೆಲಸ. ಅಡುಗೆ ಮುಗಿಸಿ ಬಂದು ನೋಡುತ್ತಾಳೆ, ಕಾಲುಭಾಗವೂ ಆಗಿಲ್ಲ. ಇದೇ ನಡಿಗೆಯಲ್ಲಿ ಹೋದರೆ ವಲೀಮಾ ಮುಗಿದು ಜನ ಮನೆ ಸೇರಿದ ಮೇಲೆ ವಿಡಿಯೋ ಸಿದ್ಧ. ಎಲ್ಲಿ ತಪ್ಪಾಯಿತು? ಮೂಲೆಯ ಅಂಕಿ ನೋಡಿದಳು. ಐವತ್ತೈದು. ಯಂತ್ರ ಆರೋಗ್ಯವಾಗೇ ಇದೆಯಲ್ಲ.

ಗಂಡ ಖಾದರ್ ಅಂಗಡಿಯಲ್ಲಿದ್ದ; ಇದ್ದಿದ್ದರೂ ಅವನಿಗೆ ಕಂಪ್ಯೂಟರೂ ಒಂದೇ, ತೂಕದ ಕಲ್ಲೂ ಒಂದೇ. ಕೇಳಬಹುದಾಗಿದ್ದವಳು ಒಬ್ಬಳೇ. ಫಹ್ಮಿದಾ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ನೂರ್ಜಹಾನ್ ನೆನಪಾಗಿ ಹಲ್ಲು ಕಚ್ಚಿ ನಂಬರ್ ಒತ್ತಿದಳು.

"ಭಾಭಿ, ಬಿಸಿ ಎಷ್ಟು ತೋರಿಸ್ತಿದೆ?" ರಿಮ್ಶಾ ಮೊದಲು ಕೇಳಿದ್ದೇ ಅದು.

"ಐವತ್ತೈದು." ಅಂಥ ಹೊತ್ತಿನಲ್ಲೂ ಫಹ್ಮಿದಾಳ ದನಿಯಲ್ಲಿ ಸ್ವಲ್ಪ ಗತ್ತಿತ್ತು.

"ರೆಂಡರ್ ಮಾಡ್ತಾ ಐವತ್ತೈದಾ? ಹಾಗಿರಕ್ಕಾಗಲ್ಲ ಭಾಭಿ. ಏನೂ ಮುಟ್ಬೇಡಿ, ಬಂದೆ."

ಆಟೋದಲ್ಲಿ ಬಂದವಳು ಬುರ್ಖಾ ಕೂಡ ಬಿಚ್ಚದೆ ಕುರ್ಚಿಗೆ ಕೂತಳು. ಅತ್ತೆ ಒಳಗೆ ನಮಾಜಿಗೆ ನಿಂತಿದ್ದರು.

"ಯಾವುದಾದ್ರೂ ಸೆಟ್ಟಿಂಗ್ ಬದಲಾಯಿಸಿದ್ರಾ?"

ಫಹ್ಮಿದಾ ಐವತ್ತು ಮಾಡಿದ್ದನ್ನು ಹೇಳಿದಳು. ಯಾಕೆ ಬದಲಾಯಿಸಿದೆ ಎಂದು ಮಾತ್ರ ಹೇಳಲಿಲ್ಲ. ರಿಮ್ಶಾ ಐವತ್ತನ್ನು ಅಳಿಸಿ ನೂರು ಎಂದು ಬರೆದಳು. ಕೂಡಲೇ ಫ್ಯಾನ್ ಗುಂಯ್ಯೆಂದಿತು. ಅಂಕಿ ಅರವತ್ತು, ಎಪ್ಪತ್ತು ದಾಟಿ ಎಂಬತ್ತಾರಕ್ಕೆ ಹೋಗಿ ನಿಂತಿತು. ರೆಂಡರ್ ದಡದಡ ಮುಂದೆ ಹೋಗತೊಡಗಿತು.

"ಸುಟ್ಟು ಹೋದ್ರೆ?" ಎಂದಳು ಫಹ್ಮಿದಾ.

"ಎಂಬತ್ತಾರಕ್ಕೆ ಏನೂ ಆಗಲ್ಲ ಭಾಭಿ. ಸುಮ್ನೆ ಇರೋವಾಗ ನಲವತ್ತು ಐವತ್ತು ಇರತ್ತೆ, ಕೆಲಸ ಮಾಡೋವಾಗ ಎಂಬತ್ತರ ಆಚೀಚೆ. ತೊಂಬತ್ತೈದರ ಹತ್ರ ಹೋಗಿ ಅಲ್ಲೇ ನಿಂತ್ಬಿಟ್ರೆ ಆಗ ಯೋಚನೆ ಮಾಡ್ಬೇಕು. ಒಂದೊಂದು ಪ್ರೊಸೆಸರಿಗೆ ಒಂದೊಂದು ಮಿತಿ, ಅದನ್ನ ಮಾಡಿದವರೇ ಹೇಳಿರ್ತಾರೆ. ಅದು ಬಂದ್ರೆ ತಾನೇ ನಿಧಾನ ಮಾಡ್ಕೊಂಡು ಉಳ್ಕೊಳ್ಳತ್ತೆ, ಆಗ್ಲಿಲ್ಲ ಅಂದ್ರೆ ಆಫ್ ಆಗತ್ತೆ. ನೀವು ಧೂಳು ಒರೆಸಿ, ಡಬ್ಬಾನ ಗೋಡೆಯಿಂದ ಸ್ವಲ್ಪ ಈಚೆಗಿಡಿ, ಸಾಕು. ನೀವು ಮಾಡಿದ್ದು, ಕೈ ಕಟ್ಟಿಹಾಕಿ ಹಿಟ್ಟು ನಾದು ಅಂದ ಹಾಗಾಯ್ತು."

"ಮತ್ತೆ ನಿಂದು ಯಾವಾಗ್ಲೂ ನಲವತ್ತೆರಡು?" ಮಾತು ಫಹ್ಮಿದಾಳ ಬಾಯಿಂದ ಜಾರಿಬಿಟ್ಟಿತು.

ರಿಮ್ಶಾ ಒಳಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಕೆಲಸ ಎಲ್ಲಿದೆ ಭಾಭಿ? ರಂಜಾನಿಗೆ ಮುಂಚೆ ಒಂದು ಮದುವೆ ಮಾಡ್ಕೊಟ್ಟಿದ್ದು, ಆಮೇಲೆ ಯಾರೂ ಬಂದಿಲ್ಲ. ಅಮ್ಮಿ ಬರ್ತಾರೆ ಅಂದಾಗ ಆನ್ ಮಾಡಿಡ್ತೀನಿ, ಕೆಲಸ ಇದೆ ಅನ್ಕೊಳ್ಳಲಿ ಅಂತ. ನಮ್ಮನೆಯವ್ರಿಗೂ ಹೇಳಿಲ್ಲ. ನೀವು ಆ ಫೋಟೋ ಹಾಕಿದ್ರಲ್ಲ, ನಿಮ್ಗೂ ಕೆಲಸ ನಿಂತೋಯ್ತೇನೋ ಅನ್ಕೊಂಡೆ."

ಸುಳ್ಳು ಯಾಕೆ, ಫಹ್ಮಿದಾಳಿಗೆ ಮೊದಲು ಆದದ್ದು ಸಂತೋಷವೇ. ಇಷ್ಟು ದಿನ ಕಾದ ಎದೆಗೆ ಐಸ್ ಇಟ್ಟ ಹಾಗಾಯಿತು. ಅತ್ತೆ ಹೊಗಳಿದ ಆ ಕೈಗುಣವೆಲ್ಲ ಕೆಲಸವಿಲ್ಲದ ಕೈಯದು. ಆಮೇಲೆ ರಿಮ್ಶಾ ಸ್ಕ್ರೀನಿನ ಎಂಬತ್ತಾರನ್ನು ನೋಡುತ್ತಿದ್ದ ರೀತಿ ನೋಡಿದಳು. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾಕ್ಸ್ ಟೌನಿನಲ್ಲಿ ಆ ನೀಲಿ ಅಂಕಿಯನ್ನು ತಾನೂ ಹಾಗೇ ನೋಡುತ್ತಿದ್ದಳು.

ವಿಡಿಯೋ ಇಳಿಹೊತ್ತಿನ ಅಸರ್ ಬಾಂಗಿನ ಹೊತ್ತಿಗೆ ಮುಗಿಯಿತು. ಸಂಜೆ ಪರದೆಯ ಮೇಲೆ ಮಗ ಮೂರನೇ ಸಲ ಕಬೂಲ್ ಅಂದಾಗ ನೂರ್ಜಹಾನ್ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಊಟದ ನಡುವೆ ಬಂದು ಫಹ್ಮಿದಾಳ ಪಕ್ಕದಲ್ಲೇ ಕೂತರು. ಮಗಳ ಮದುವೆಯೂ ನಿಶ್ಚಯವಾಗಿದೆ, ಅದರ ವಿಡಿಯೋನೂ ನಿನ್ನದೇ ಎಂದರು.

ಎದುರಿಗಿದ್ದ ಬದ್ರುನ್ನೀಸಾ ಸುಮ್ಮನಿರಬೇಕಲ್ಲ. "ಇವಳ ಕಂಪ್ಯೂಟರ್ ಇವತ್ತು ಮತ್ತೆ ತಂದೂರ್ ಆಗಿತ್ತು. ನಮ್ಮ ರಿಮ್ಶಾದು ನೋಡ್ಬೇಕು ನೀವು. ಎಷ್ಟು ಕೆಲಸ ಇದ್ರೂ ತಣ್ಣಗೆ ಹೂವಿನ ಥರ."

ನಾಲ್ಕಾರು ಹೆಂಗಸರು ನಕ್ಕರು. ಇನ್ನೊಂದು ಪಕ್ಕದಲ್ಲಿದ್ದ ರಿಮ್ಶಾ ತುತ್ತು ಎತ್ತಿದ ಕೈಯನ್ನು ಹಾಗೇ ತಟ್ಟೆಯಲ್ಲಿಟ್ಟು ಫಹ್ಮಿದಾಳನ್ನು ನೋಡಿದಳು. ಉತ್ತರ ಫಹ್ಮಿದಾಳ ನಾಲಿಗೆಯ ತುದಿಯಲ್ಲೇ ಇತ್ತು. ಒಂದೇ ಒಂದು ಮಾತು ಆಡಿದ್ದರೆ ಇಷ್ಟು ದಿನದ ತಂದೂರಿಗೆಲ್ಲ ಲೆಕ್ಕ ಚುಕ್ತಾ ಆಗುತ್ತಿತ್ತು, ಅದೂ ಇಡೀ ಪಂಕ್ತಿಯ ಮುಂದೆ. ಆಡಬೇಕು ಅನ್ನಿಸಿತು. ತುಂಬಾ ಅನ್ನಿಸಿತು.

"ಹೌದು ಅಮ್ಮಿ," ಎಂದಳು ಫಹ್ಮಿದಾ. "ಇವತ್ತು ನಂದು ಕೈಕೊಟ್ಟಾಗ ಬಂದು ಸರಿ ಮಾಡಿದ್ದೂ ರಿಮ್ಶಾನೇ. ನೂರ್ಜಹಾನ್ ಖಾಲಾ, ನಿಮ್ಮ ಮಗಳದ್ದು ಅವಳಿಗೇ ಕೊಡಿ. ನನಗಿಂತ ಚೆನ್ನಾಗಿ ಮಾಡ್ತಾಳೆ."

"ನಾನು ಹೇಳ್ಲಿಲ್ವಾ," ಎಂದರು ಬದ್ರುನ್ನೀಸಾ, ಸುತ್ತ ಕೂತವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತ. "ಈಗ ಇವಳೇ ಒಪ್ಕೊಂಡ್ಲು."

ಇನ್ನು ಈ ಮಾತನ್ನು ಅತ್ತೆ ತಮ್ಮ ಉಸಿರಿರುವವರೆಗೂ ಎಲ್ಲರ ಮನೆಯಲ್ಲೂ ಹೇಳುತ್ತಾರೆ ಎಂದು ಫಹ್ಮಿದಾಳಿಗೆ ಗೊತ್ತಿತ್ತು. ರಿಮ್ಶಾ ತನ್ನ ತಟ್ಟೆಯ ಮಾಂಸದ ತುಂಡನ್ನು ಎತ್ತಿ ಅವಳ ಅನ್ನದ ಮೇಲಿಟ್ಟಳು. ಫಹ್ಮಿದಾ ತಲೆಯೆತ್ತದೆ ಅದನ್ನು ತಿಂದಳು.